ಮಗ ಪೆನ್ಸಿಲ್ವೇನಿಯಾದಲ್ಲಿ ವೋಟ್ ಹಾಕ್ತೀನಿ ಅಂತಿದಾನೆ: ಎಲೆಕ್ಟೋರಲ್ ಕಾಲೇಜ್ ಇನ್ನೂ ಬೇಕಾ?

ತುಂಗೆಯ ತಟ:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ನಮ್ಮ ಮನೇಲಿ ನಡೀತಿರೋ ವಾದಾನ ಇಲ್ಲಿಗೆ ತಂದಿದೀನಿ.

ನಾವಿರೋದು ನ್ಯೂಜೆರ್ಸಿಯ ಟ್ರೆಂಟನ್ ಹತ್ತಿರ. ಮಗನಿಗೆ ಹದಿನೆಂಟು ತುಂಬ್ತು, ಡೆಲವೇರ್ ನದಿ ಆಚೆ ಪೆನ್ಸಿಲ್ವೇನಿಯಾದ ಕಾಲೇಜಿಗೆ ಸೇರಿದಾನೆ. ಮತದಾರರ ಪಟ್ಟಿಗೆ ಹೆಸರು ಸೇರಿಸೋ ಅರ್ಜಿ ತುಂಬೋವಾಗ ನಾನು ಮನೆ ವಿಳಾಸ ಬರಿ ಅಂದೆ. "ಬೇಡಮ್ಮ, ಹಾಸ್ಟೆಲ್ ವಿಳಾಸ ಹಾಕ್ತೀನಿ. ಅಲ್ಲಾದ್ರೆ ನನ್ನ ವೋಟನ್ನ ಯಾರಾದ್ರೂ ಕೇಳ್ತಾರೆ" ಅಂದ. ನಂಗೆ ಉತ್ತರ ಹೊಳೀಲಿಲ್ಲ, ಯಾಕಂದ್ರೆ ಅವನು ಹೇಳಿದ್ದು ನಾನು ಕಣ್ಣಾರೆ ಕಂಡಿದ್ದೇ.

2024ರ ನವರಾತ್ರೀಲಿ ನದಿ ಆಚೆ ನಾದಿನಿ ಮನೆಗೆ ಗೊಂಬೆ ನೋಡಕ್ಕೆ ಹೋಗಿದ್ವಿ. ಬಾಗಿಲ ಹತ್ರ ಚಪ್ಪಲಿ ಸ್ಟ್ಯಾಂಡ್ ಮೇಲೆ ಪ್ರಚಾರದ ಕಾರ್ಡುಗಳ ರಾಶಿ, ಎಲ್ಲಾ ದಪ್ಪ ಮಿರುಗೋ ಕಾಗದ. ಅವತ್ತೊಂದೇ ದಿನದ ಟಪಾಲಲ್ಲಿ ಹನ್ನೊಂದು ಬಂದಿತ್ತು, ಎಣಿಸಿದೆ. ಆರತಿ ಮಾಡೋ ಅಷ್ಟರಲ್ಲಿ ಎರಡು ಸಲ ಕರೆಗಂಟೆ ಆಯ್ತು. ಎರಡೂ ಸಲ ಪ್ರಚಾರದವರೇ, ಒಂದೊಂದು ಪಕ್ಷದವರು. ಎರಡನೇ ಸಲ ಬಂದಿದ್ದು ಕಾಲೇಜು ಹುಡುಗ, ಬೆಳಗ್ಗೆಯಿಂದ ನಡೆದು ನಡೆದು ಸುಸ್ತಾಗಿದ್ದ. ನಾದಿನಿ ಅವನನ್ನ ಒಳಗೆ ಕೂರಿಸಿ ಒಂದು ಬಟ್ಟಲು ಕಡಲೆಕಾಳು ಉಸಲಿ ಕೊಟ್ಲು. ಅಲ್ಲಿಂದ ಕಾರಲ್ಲಿ ಇಪ್ಪತ್ತು ನಿಮಿಷಕ್ಕೆ ನಮ್ಮನೆ. ಆ ಇಡೀ ಚುನಾವಣೇಲಿ ನಮ್ಮನೆ ಬಾಗಿಲು ಒಬ್ಬರೂ ತಟ್ಟಲಿಲ್ಲ.

ನಾನೂ ಪ್ರಮಾಣ ಮಾಡಿ ಪೌರತ್ವ ತಗೊಂಡವಳೇ, ಅವಳೂ ಅಷ್ಟೇ. ಇರೋದು ಒಂದೇ ದೇಶ, ಆರಿಸೋದು ಒಬ್ಬರೇ ಅಧ್ಯಕ್ಷರನ್ನ. ಎಲ್ಲಾ ವೋಟೂ ಒಟ್ಟಿಗೆ ಎಣಿಸಿ ಯಾರಿಗೆ ಹೆಚ್ಚು ಬಂತೋ ಅವರು ಗೆದ್ದರು ಅನ್ನಕ್ಕೆ ಏನು ಕಷ್ಟ? ಯಾವ ಪಕ್ಷ ಅನ್ನೋದು ಬೇಡ, ದಯವಿಟ್ಟು ಪದ್ಧತಿ ಬಗ್ಗೆ ಮಾತಾಡೋಣ.

ರಾಗಿಮುದ್ದೆ:
ಹೆಚ್ಚು ವೋಟ್ ಬಿದ್ದವರು ಗೆಲ್ಲಬೇಕು. ಇಷ್ಟೇ ತಾನೇ ಚುನಾವಣೆ ಅಂದ್ರೆ?

ಲೆಕ್ಕದ ಮೇಷ್ಟ್ರು:
ಗೊತ್ತಿಲ್ಲದವರಿಗೆ ಮೊದಲು ಲೆಕ್ಕ ಹೇಳಿಬಿಡ್ತೀನಿ. ಜನರ ವೋಟು ಅಧ್ಯಕ್ಷರನ್ನ ನೇರ ಆರಿಸಲ್ಲ. ಅದು ರಾಜ್ಯದ ಪ್ರತಿನಿಧಿಗಳನ್ನ, ಅಂದ್ರೆ ಎಲೆಕ್ಟರುಗಳನ್ನ ಆರಿಸುತ್ತೆ, ಅವರು ಅಧ್ಯಕ್ಷರನ್ನ ಆರಿಸ್ತಾರೆ. ಇದೇ ಎಲೆಕ್ಟೋರಲ್ ಕಾಲೇಜ್. ಹೆಚ್ಚುಕಡಿಮೆ ಎಲ್ಲಾ ರಾಜ್ಯದಲ್ಲೂ ಅಲ್ಲಿ ಗೆದ್ದವರಿಗೇ ಅಷ್ಟೂ ಎಲೆಕ್ಟರು. ಒಟ್ಟು ಎಲೆಕ್ಟರುಗಳು 538, ಗೆಲ್ಲೋಕೆ 270 ಬೇಕು. ಸಂಸತ್ತಿನಲ್ಲಿ ರಾಜ್ಯಕ್ಕೆಷ್ಟು ಸೀಟೋ ಅಷ್ಟು ಎಲೆಕ್ಟರು: ಕೆಳಮನೆಯ 435, ಮೇಲ್ಮನೆ ಸೆನೆಟಿನ 100, ರಾಜಧಾನಿ ವಾಷಿಂಗ್ಟನ್‌ಗೆ 3. ಸೆನೆಟಿನ ಎರಡು ಸ್ಥಾನ ಎಲ್ಲಾ ರಾಜ್ಯಕ್ಕೂ ಸಮ ಆಗಿರೋದ್ರಿಂದ ಸಣ್ಣ ರಾಜ್ಯದ ವೋಟಿನ ತೂಕ ಹೆಚ್ಚು. 2020ರ ಜನಗಣತಿ ಪ್ರಕಾರ ವಯೋಮಿಂಗ್‌ನಲ್ಲಿ ಸುಮಾರು 5.77 ಲಕ್ಷ ಜನ, 3 ಎಲೆಕ್ಟರು. ಕ್ಯಾಲಿಫೋರ್ನಿಯಾದಲ್ಲಿ 3.95 ಕೋಟಿ ಜನ, 54 ಎಲೆಕ್ಟರು. ಅಲ್ಲಿ 1.9 ಲಕ್ಷ ಜನಕ್ಕೊಬ್ಬ, ಇಲ್ಲಿ 7.3 ಲಕ್ಷ ಜನಕ್ಕೊಬ್ಬ.

ಒಟ್ಟು ಮತದಲ್ಲಿ ಹಿಂದೆ ಬಿದ್ದವರು ಅಧ್ಯಕ್ಷರಾಗಿದ್ದು ಐದು ಸಲ: 1824, 1876, 1888, 2000, 2016. 2000ದಲ್ಲಿ ಅಲ್ ಗೋರ್‌ಗೆ ಸುಮಾರು 5.4 ಲಕ್ಷ ಮತ ಹೆಚ್ಚಿತ್ತು, ಫ್ಲಾರಿಡಾದಲ್ಲಿ 537 ಮತ ಕಡಿಮೆ ಬಿದ್ದಿದ್ದಕ್ಕೆ ಅಧ್ಯಕ್ಷಗಿರಿ ಹೋಯ್ತು. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಸುಮಾರು 28.7 ಲಕ್ಷ ಹೆಚ್ಚು ಬಂದ್ರೂ ಸೋತರು.

ಗೋಕಾಕ ಕರದಂಟು:
ನಾ ಟೆಕ್ಸಾಸ್‌ದಾಗ ಅದೀನ್ರೀ, ಹದಿನೇಳು ವರ್ಷ ಆತು. ಅಕ್ಕಾವ್ರ, ನಿಮ್ಮ ಸಂಕಟ ತಿಳೀತದ, ಆದ್ರ ನಿಮ್ಮ ಮಾತು ಒಪ್ಪಂಗಿಲ್ಲ. ಈ ದೇಶದ ಹೆಸರಿನ್ಯಾಗ ರಾಜ್ಯ ಅನ್ನೂ ಶಬ್ದ ಅದ. ರಾಜ್ಯಗಳು ಕೂಡಿ ದೇಶ ಕಟ್ಟ್ಯಾವ, ದೇಶ ಕೂತು ರಾಜ್ಯ ಹಂಚಿಲ್ಲ. ತಲಿ ಎಣಿಸಿ ಅಧ್ಯಕ್ಷನ್ನ ಆರಿಸಿದ್ರ ನಾಕೈದು ದೊಡ್ಡ ಊರಾಗ ಪ್ರಚಾರ ಮಾಡಿ ಮುಗಸ್ತಾರ. ಹೊಲಾ ಮಾಡವ್ರನ್ನ ಕೇಳವ್ರು ಯಾರು?

ಇನ್ನೊಂದು ಮಾತು. ಊರಿಗೆ ಫೋನ್ ಹಚ್ಚಿದಾಗ ಡಿಲಿಮಿಟೇಶನ್ ಬಗ್ಗೆ ನಾವೆಲ್ಲಾ ಏನಂತೀವಿ? ಬರೇ ಜನಸಂಖ್ಯಾ ನೋಡಿ ಲೋಕಸಭಾ ಸೀಟು ಹಂಚಿದ್ರ ಕರ್ನಾಟಕಕ್ಕ ಅನ್ಯಾಯ ಆಗ್ತದ, ಕುಟುಂಬ ಯೋಜನೆ ಪಾಲಿಸಿದ್ದಕ್ಕ ನಮಗ ಶಿಕ್ಷಾ ಕೊಡಬ್ಯಾಡ್ರಿ ಅಂತೀವಿ. ಅಲ್ಲಿ ರಾಜ್ಯದ ತೂಕ ಬೇಕು, ಇಲ್ಲಿ ಬ್ಯಾಡ. ಇದು ಹೆಂಗ್ರೀ?

ರಾಗಿಮುದ್ದೆ:
ಡಿಲಿಮಿಟೇಶನ್ ಪ್ರಶ್ನೆ ಒಳ್ಳೇ ಪ್ರಶ್ನೆ. ಇದಕ್ಕೆ ಯಾರಾದ್ರೂ ಉತ್ತರ ಕೊಡಿ.

ಬೇ ಏರಿಯಾ ಬಸವ:
ನಾನು ಕೊಡ್ತೀನಿ. ಡಿಲಿಮಿಟೇಶನ್ ಮಾತು ಇರೋದು ಸಂಸತ್ತಿನ ಸೀಟಿನ ಬಗ್ಗೆ. ಕಾನೂನು ಮಾಡೋ ಮನೇಲಿ ರಾಜ್ಯಗಳ ದನಿ ಉಳೀಬೇಕು, ಅದಕ್ಕೆ ನನ್ನ ಒಪ್ಪಿಗೆ ಇದೆ. ಅಮೆರಿಕದಲ್ಲಿ ಆ ಕೆಲಸಕ್ಕೆ ಸೆನೆಟ್ ಇದೆ. ವಯೋಮಿಂಗ್‌ಗೂ ಎರಡೇ ಸೆನೆಟರ್, ನಮ್ಮ ಕ್ಯಾಲಿಫೋರ್ನಿಯಾಗೂ ಎರಡೇ. ನಮ್ಮ ರಾಜ್ಯಸಭೇಲೂ ಇಷ್ಟು ಸಮಪಾಲು ಇಲ್ಲ, ಅಲ್ಲಿ ಕರ್ನಾಟಕಕ್ಕೆ 12, ಉತ್ತರಪ್ರದೇಶಕ್ಕೆ 31. ಆದ್ರೆ ಅಧ್ಯಕ್ಷರ ಕುರ್ಚಿ ಒಂದೇ, ಅದನ್ನ ರಾಜ್ಯಕ್ಕಿಷ್ಟು ಅಂತ ಹಂಚಕ್ಕಾಗಲ್ಲ.

ದೊಡ್ಡ ಊರುಗಳ ಮಾತಿಗೆ ಬರೋಣ. ನ್ಯೂಯಾರ್ಕ್, ಲಾಸ್ ಏಂಜಲೀಸ್, ಶಿಕಾಗೋ, ಹ್ಯೂಸ್ಟನ್, ಫೀನಿಕ್ಸ್, ಐದೂ ನಗರ ಸೇರಿಸಿದ್ರೂ ದೇಶದ ಜನಸಂಖ್ಯೆಯ ನೂರಕ್ಕೆ ಆರು ಆಗಲ್ಲ. ಇವುಗಳನ್ನ ಹಿಡ್ಕೊಂಡು ಯಾರೂ ಗೆಲ್ಲಲ್ಲ.

ಹೊಲ ಮಾಡೋರನ್ನ ಈಗ ಯಾರು ಕೇಳ್ತಿದಾರೆ, ಹೇಳಿ ನೋಡೋಣ. 2024ರಲ್ಲಿ ಪ್ರಚಾರ ಎಲ್ಲಾ ಯಾರು ಬೇಕಾದ್ರೂ ಗೆಲ್ಲಬಹುದಾದ ಏಳು ರಾಜ್ಯಗಳಲ್ಲೇ ಸುತ್ತಿದ್ದು: ಪೆನ್ಸಿಲ್ವೇನಿಯಾ, ಜಾರ್ಜಿಯಾ, ಉತ್ತರ ಕ್ಯಾರೊಲಿನಾ, ಮಿಶಿಗನ್, ಅರಿಜೋನಾ, ವಿಸ್ಕಾನ್ಸಿನ್, ನೆವಾಡಾ. ನಮ್ಮ ಸೆಂಟ್ರಲ್ ವ್ಯಾಲೀಲಿ ಕಣ್ಣು ಹಾಯೋವರೆಗೂ ಬಾದಾಮಿ ತೋಟ. ಅಲ್ಲಿಯ ರೈತ ಯಾರಿಗೂ ಬೇಡ.

ಲೆಕ್ಕದ ಮೇಷ್ಟ್ರು:
ಬಸವ ಅವರ ಮಾತಿಗೆ ಒಂದು ಅಂಕಿ ಸೇರಿಸ್ತೀನಿ, ಇದು ನನ್ನನ್ನೇ ಬೆಚ್ಚಿಬೀಳಿಸಿತ್ತು. 2020ರಲ್ಲಿ ಟ್ರಂಪ್‌ಗೆ ಅತಿ ಹೆಚ್ಚು ವೋಟು ಕೊಟ್ಟ ರಾಜ್ಯ ಯಾವುದು? ಟೆಕ್ಸಾಸ್ ಅಲ್ಲ, ಕ್ಯಾಲಿಫೋರ್ನಿಯಾ. 60 ಲಕ್ಷ ದಾಟಿತ್ತು. ಆ 60 ಲಕ್ಷಕ್ಕೆ ಸಿಕ್ಕ ಎಲೆಕ್ಟರು ಸೊನ್ನೆ. ಅದೇ ವರ್ಷ ಟೆಕ್ಸಾಸ್‌ನಲ್ಲಿ ಬೈಡನ್‌ಗೆ 50 ಲಕ್ಷಕ್ಕೂ ಮೇಲೆ ಬಂತು, ಅದಕ್ಕೂ ಸೊನ್ನೆ.

ಗೋಕಾಕ ಕರದಂಟು:
ಮೇಷ್ಟ್ರ, ನೀವು ತೋರಿಸಿದ ದೋಷ ಖರೇ ಅದ. ಆದ್ರ ಅದು ಎಲೆಕ್ಟೋರಲ್ ಕಾಲೇಜಿನ ದೋಷ ಅಲ್ಲ, ಗೆದ್ದವ್ರಿಗೇ ರಾಜ್ಯದ ಅಷ್ಟೂ ಎಲೆಕ್ಟರು ಅನ್ನೂ ನಿಯಮದ ದೋಷ. ಸಂವಿಧಾನದಾಗ ಹಂಗೇನೂ ಬರದಿಲ್ಲ, ರಾಜ್ಯಗಳು ತಾವಾಗೇ ಮಾಡ್ಕೊಂಡಾವ. ಅದನ್ನ ತಗದ್ರ ಸಾಕು. ಮನಿ ಸೋರ್ತದಂದ್ರ ಹಂಚು ಬದಲಿಸ್ಬೇಕು, ಮನಿ ಕೆಡವಬಾರ್ದು.

ಕುಡ್ಲದವ:
ಹಂಚು ಬದಲಿಸಿದ ರಾಜ್ಯದಲ್ಲೇ ನಾನಿರುದು ಮಾರಾಯ್ರೆ! ನೆಬ್ರಾಸ್ಕಾದ ಒಮಾಹಾ. ಇಡೀ ದೇಶದಲ್ಲಿ ಮೇಯ್ನ್ ಮತ್ತೆ ನೆಬ್ರಾಸ್ಕಾ ಎರಡೇ ರಾಜ್ಯ ಕ್ಷೇತ್ರಕ್ಕೊಂದರಂತೆ ಎಲೆಕ್ಟರು ಕೊಡುದು. ನಮ್ಮ ಐದರಲ್ಲಿ ಎರಡು ರಾಜ್ಯಮಟ್ಟದಲ್ಲಿ ಗೆದ್ದವರಿಗೆ, ಮೂರು ಕ್ಷೇತ್ರಗಳಿಗೆ. ರಾಜ್ಯ ರಿಪಬ್ಲಿಕನ್, ಆದರೆ ಒಮಾಹಾ ಇರುವ ಎರಡನೇ ಕ್ಷೇತ್ರ 2008, 2020, 2024ರಲ್ಲಿ ಡೆಮಾಕ್ರಾಟ್ ಕಡೆ ಹೋಯ್ತು. 2024ರಲ್ಲಿ ನಮ್ಮ ಬೀದಿಯಲ್ಲಿ ಮನೆ ಮನೆ ಹುಲ್ಲಿನಲ್ಲಿ ಒಂದು ಬೋರ್ಡು, ಬಿಳಿ ಹಿನ್ನೆಲೆ, ನಡುವೆ ಒಂದು ನೀಲಿ ಚುಕ್ಕೆ, ನೀಲಿ ಅಂದ್ರೆ ಡೆಮಾಕ್ರಾಟರ ಬಣ್ಣ. ಬೇರೆ ಒಂದಕ್ಷರ ಇಲ್ಲ. ಎಲ್ಲರಿಗೂ ಅರ್ಥ ಆಗ್ತಿತ್ತು.

ಅದೇ ಸೆಪ್ಟೆಂಬರಿನಲ್ಲಿ, ಚುನಾವಣೆಗೆ ಎರಡು ತಿಂಗಳೂ ಇಲ್ಲದಾಗ, ಈ ನಿಯಮವನ್ನೇ ತೆಗೆದುಹಾಕಲಿಕ್ಕೆ ಹೊರಟರು. ಒಬ್ಬ ರಿಪಬ್ಲಿಕನ್ ಶಾಸಕರು ಒಪ್ಪದೆ ಇದ್ದದ್ದಕ್ಕೆ ನಿಂತಿತು. ಹಾಗಾಗಿ ನನಗೆ ಹೆದರಿಕೆ ಉಂಟು. ರಾಜ್ಯದ ಶಾಸಕರ ಕೈಯಲ್ಲಿ ನಿಯಮ ಇದ್ದರೆ ಅವರು ಗಾಳಿ ನೋಡಿ ಬದಲಿಸ್ತಾರೆ.

ಲೆಕ್ಕದ ಮೇಷ್ಟ್ರು:
ಕ್ಷೇತ್ರವಾರು ಪದ್ಧತಿ ಎಲ್ಲಾ ಕಡೆ ತಂದರೆ ಇನ್ನೂ ಕೆಡುತ್ತೆ. ಕ್ಷೇತ್ರದ ಗಡಿ ಎಳೆಯೋದೇ ಪಕ್ಷಗಳು. 2012ರಲ್ಲಿ ಒಬಾಮಾಗೆ ಸುಮಾರು 50 ಲಕ್ಷ ಮತದ ಮುನ್ನಡೆ ಇತ್ತು. ಇಡೀ ದೇಶದಲ್ಲಿ ನೆಬ್ರಾಸ್ಕಾ ನಿಯಮ ಇದ್ದಿದ್ರೆ ಗೆಲ್ತಿದ್ದವರು ಅವರ ಎದುರಾಳಿ ರಾಮ್ನಿ. ಕರದಂಟು ಅವರೇ, ಈ ಹಂಚೂ ಸೋರುತ್ತೆ.

ಗೋಕಾಕ ಕರದಂಟು:
ಹಂಗಾದ್ರ ಕ್ಷೇತ್ರ ಬ್ಯಾಡ, ರಾಜ್ಯದಾಗ ಬಂದ ಮತದ ಪ್ರಮಾಣಕ್ಕ ತಕ್ಕಂಗ ಎಲೆಕ್ಟರು ಹಂಚ್ರಿ. ನನ್ನ ಮಾತು ಇಷ್ಟ, ರಾಜ್ಯ ಅನ್ನೂ ಪಾತಳಿ ಉಳೀಬೇಕು.

ಹಳೇ ಮೈಸೂರು:
ನಾನು ಮೈಸೂರಿನಲ್ಲೇ ಇರುವವನು, ಮಗಳು ಬಾಸ್ಟನ್‌ನಲ್ಲಿದ್ದಾಳೆ. ನಮ್ಮ ರಾಷ್ಟ್ರಪತಿಯವರನ್ನೂ ಎಲೆಕ್ಟೋರಲ್ ಕಾಲೇಜೇ ಆರಿಸುವುದು ಎಂಬುದನ್ನು ಯಾರೂ ನೆನಪಿಸಲಿಲ್ಲವಲ್ಲ. ಸಂಸದರು, ಶಾಸಕರು ಮತ ಹಾಕುತ್ತಾರೆ. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131, ಉತ್ತರಪ್ರದೇಶದವರದ್ದು 208, ಸಿಕ್ಕಿಂನವರದ್ದು 7. ಇದೆಲ್ಲ 1971ರ ಜನಗಣತಿಯ ಲೆಕ್ಕ. ನಮ್ಮದು ಜನಸಂಖ್ಯೆಗೆ ತಕ್ಕ ಮೌಲ್ಯ, ಅವರದ್ದು ಸಣ್ಣ ರಾಜ್ಯಕ್ಕೆ ಹೆಚ್ಚುವರಿ.

1969 ನನಗೆ ಚೆನ್ನಾಗಿ ನೆನಪಿದೆ. ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ, ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಇಂದಿರಾ ಗಾಂಧಿ ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಎಂದರು. ಎರಡನೇ ಪ್ರಾಶಸ್ತ್ಯದ ಮತಗಳ ಎಣಿಕೆಯಲ್ಲಿ, ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿ ಗೆದ್ದರು. ಗಿರಿಯವರು ಅದಕ್ಕೆ ಮುಂಚೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಫಲಿತಾಂಶ ಬಂದ ದಿನ ನಮ್ಮ ತಂದೆ ರೇಡಿಯೋ ಪಕ್ಕದಿಂದ ಎದ್ದಿರಲಿಲ್ಲ, ಊಟಕ್ಕೆ ಕರೆದರೂ ಬರಲಿಲ್ಲ. ಅಮೆರಿಕದ ಎಲೆಕ್ಟರುಗಳಿಗೆ ಈ ಆತ್ಮಸಾಕ್ಷಿಯ ಸ್ವಾತಂತ್ರ್ಯ ಇದೆಯೇ?

ಕರಿಕೋಟು:
ಈಗ ಬಹುಮಟ್ಟಿಗೆ ಇಲ್ಲ, ಸರ್. 2016ರಲ್ಲಿ ಏಳು ಎಲೆಕ್ಟರುಗಳು ತಮ್ಮ ಪಕ್ಷದ ಅಭ್ಯರ್ಥಿ ಬಿಟ್ಟು ಬೇರೆಯವರಿಗೆ ಹಾಕಿದ್ರು. ವಾಷಿಂಗ್ಟನ್ ರಾಜ್ಯ ತನ್ನವರಿಗೆ ಸಾವಿರ ಡಾಲರ್ ದಂಡ ಹಾಕ್ತು. ಕೇಸು ಸುಪ್ರೀಂ ಕೋರ್ಟ್‌ಗೆ ಹೋಗಿ, ಎಲೆಕ್ಟರುಗಳನ್ನ ಕಟ್ಟಿಹಾಕೋ ಅಧಿಕಾರ ರಾಜ್ಯಕ್ಕಿದೆ ಅಂತ 2020ರಲ್ಲಿ ತೀರ್ಪಾಯ್ತು.

ಇತಿಹಾಸ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ "ಸಣ್ಣ ರಾಜ್ಯಗಳ ರಕ್ಷಣೆಗೆ ಮಾಡಿದ್ದು" ಅನ್ನೋದು ಅರ್ಧ ಸತ್ಯ. 1787ರ ಸಂವಿಧಾನ ಸಭೆಯಲ್ಲಿ ಜೇಮ್ಸ್ ಮ್ಯಾಡಿಸನ್ ಜನರಿಂದ ನೇರ ಆಯ್ಕೆಯೇ ಹೆಚ್ಚು ಯೋಗ್ಯ ಅಂದರು. ಬೆನ್ನಲ್ಲೇ ಒಂದು ತೊಡಕೂ ಹೇಳಿದರು: ಮತದ ಹಕ್ಕು ಉತ್ತರದಲ್ಲಿ ಹೆಚ್ಚು ಜನಕ್ಕಿದೆ, ಕರಿಯರ ಕಾರಣದಿಂದ ದಕ್ಷಿಣಕ್ಕೆ ನೇರ ಚುನಾವಣೆಯಲ್ಲಿ ಪ್ರಭಾವ ಇರೋದಿಲ್ಲ ಅಂತ. ಗುಲಾಮರಿಗೆ ಮತ ಇರಲಿಲ್ಲ, ಆದ್ರೆ ಸೀಟು ಲೆಕ್ಕ ಹಾಕೋವಾಗ ಐವರನ್ನ ಮೂವರು ಅಂತ ಎಣಿಸ್ತಿದ್ರು. ಎಲೆಕ್ಟರುಗಳ ಸಂಖ್ಯೆ ಆ ಸೀಟಿನ ಮೇಲೇ ನಿಂತಿದ್ರಿಂದ, ಸರಪಳೀಲಿ ಇದ್ದವರ ತಲೆ ಎಣಿಸಿ ಅವರ ಯಜಮಾನರಿಗೆ ಅಧ್ಯಕ್ಷರ ಆಯ್ಕೆಯಲ್ಲಿ ತೂಕ ಸಿಕ್ಕಿತು. ಈ ಪದ್ಧತಿ ಹುಟ್ಟಿನ ಬಗ್ಗೆ ಮಾತಾಡೋವಾಗ ಇದನ್ನ ಬಿಟ್ಟು ಮಾತಾಡೋದು ನನಗೆ ಸರಿ ಅನ್ನಿಸಲ್ಲ.

ಬದಲಿಸೋ ಪ್ರಯತ್ನ ಆಗಿಲ್ಲ ಅಂತೇನಿಲ್ಲ. 1969ರಲ್ಲೇ, ಹಳೇ ಮೈಸೂರು ಅವರು ಹೇಳಿದ ವರ್ಷವೇ, ಇಲ್ಲಿಯ ಕೆಳಮನೆ ನೇರ ಚುನಾವಣೆಯ ತಿದ್ದುಪಡಿಯನ್ನ 338–70ರಿಂದ ಪಾಸ್ ಮಾಡಿತ್ತು. ಅಧ್ಯಕ್ಷ ನಿಕ್ಸನ್ ಬೆಂಬಲವೂ ಇತ್ತು. 1970ರಲ್ಲಿ ಸೆನೆಟಿನಲ್ಲಿ, ಮುಖ್ಯವಾಗಿ ದಕ್ಷಿಣದ ಸೆನೆಟರುಗಳು, ಮಾತು ಮುಗಿಸದೆ ಎಳೆದೆಳೆದು ಮತಕ್ಕೇ ಬರದ ಹಾಗೆ ಮಾಡಿದರು. ಈಗ ತಿದ್ದುಪಡಿ ಆಗಬೇಕಂದ್ರೆ ಎರಡೂ ಮನೆಯಲ್ಲಿ ಮೂರನೇ ಎರಡು ಬಹುಮತ, ಆಮೇಲೆ 38 ರಾಜ್ಯಗಳ ಒಪ್ಪಿಗೆ ಬೇಕು.

ರಾಗಿಮುದ್ದೆ:
ಐವರನ್ನ ಮೂವರು ಅಂತ ಎಣಿಸಿದ್ದು ಓದಿ ಹೊಟ್ಟೆ ತೊಳಸಿದ ಹಾಗಾಯ್ತು.

ಮಿಶಿಗನ್ ಮಾವ:
ನಾನು ಇಲ್ಲಿ ಮತ ಎಣಿಕೆ ಕೆಲಸ ಮಾಡಿದೀನಿ, ಅಂಚೆ ಮತಗಳ ಟೇಬಲ್‌ನಲ್ಲಿ. ಲಕೋಟೆ ಬಿಡಿಸೋದು, ನಂಬರ್ ಸರಿಯಿದೆಯಾ ನೋಡೋದು, ಹಾಳೆಯ ಮಡಿಕೆ ಕೈಯಲ್ಲಿ ತೀಡಿ ನೇರ ಮಾಡೋದು. ಮಡಿಕೆ ಉಳಿದ್ರೆ ಮೆಷಿನ್ ನುಂಗಲ್ಲ. ಪಕ್ಕದಲ್ಲಿ ಇನ್ನೊಂದು ಪಕ್ಷದಿಂದ ಬಂದ ನಿವೃತ್ತ ನರ್ಸ್ ಕೂತಿದ್ರು. ಸಂಜೆ ಹೊತ್ತಿಗೆ ಇಬ್ಬರ ಬೆರಳ ತುದಿಯೂ ಕಾಗದ ಉಜ್ಜಿ ಉಜ್ಜಿ ಒಣಗಿ ಸೀಳಿತ್ತು. ಅಂದಹಾಗೆ, ನಮ್ಮ ಬ್ಯಾಲೆಟ್ ಮೇಲೆ ಅಧ್ಯಕ್ಷ ಮತ್ತು ಉಪಾಧ್ಯಕ್ಷರ "ಎಲೆಕ್ಟರುಗಳು" ಅಂತಲೇ ಅಚ್ಚಾಗಿರತ್ತೆ. ಎಷ್ಟೋ ಜನ ಅದನ್ನ ಗಮನಿಸಿಯೇ ಇಲ್ಲ.

ನನ್ನ ಚಿಂತೆ ಬೇರೆ. ಇಲ್ಲಿ ಭಾರತದ ಹಾಗೆ ಒಂದು ಚುನಾವಣಾ ಆಯೋಗ ಚುನಾವಣೆ ನಡೆಸಲ್ಲ. ರಾಜ್ಯಕ್ಕೊಂದು ನಿಯಮ, ಕೌಂಟಿಗೊಂದು ಅಭ್ಯಾಸ. ಒಂದು ಕಡೆ ಗುರುತಿನ ಚೀಟಿ ಬೇಕು, ಇನ್ನೊಂದು ಕಡೆ ಬೇಡ. ಒಂದು ಕಡೆ ಅಂಚೆ ಮತ ಚುನಾವಣೆ ದಿನದೊಳಗೆ ತಲುಪಬೇಕು, ಇನ್ನೊಂದು ಕಡೆ ಆಮೇಲೆ ಬಂದ್ರೂ ಎಣಿಸ್ತಾರೆ. ಇಷ್ಟು ಅಳತೆಗೋಲಲ್ಲಿ ಅಳೆದಿದ್ದನ್ನ ಒಂದೇ ರಾಶಿಗೆ ಸುರಿದು ಒಟ್ಟು ಇಷ್ಟು ಅನ್ನೋದು ನ್ಯಾಯವಾ? 2000ದಲ್ಲಿ ಫ್ಲಾರಿಡಾ ಒಂದೇ ರಾಜ್ಯದ ಮರುಎಣಿಕೆಗೆ ದೇಶ ಐದು ವಾರ ಉಸಿರು ಬಿಗಿಹಿಡಿದು ಕೂತಿತ್ತು. 1960ರಲ್ಲಿ ಕೆನಡಿ, ನಿಕ್ಸನ್ ನಡುವೆ ಇಡೀ ದೇಶದಲ್ಲಿ ಅಂತರ ಒಂದು ಲಕ್ಷ ಚಿಲ್ಲರೆ. ಅಂಥದ್ದು ಮತ್ತೆ ಆದ್ರೆ ಒಂದೊಂದು ಹಳ್ಳಿಯ ಪೆಟ್ಟಿಗೇನೂ ತೆಗೆಸ್ತಾರೆ.

ಬೇ ಏರಿಯಾ ಬಸವ:
ಮಾವ, ನಿಮ್ಮ ಭಯಕ್ಕೆ ನಂದೊಂದು ತಕರಾರು. ಒಟ್ಟು ಮತದಲ್ಲಿ ಅಂತರ ಸಾಮಾನ್ಯವಾಗಿ ಲಕ್ಷಗಟ್ಟಲೆ ಇರತ್ತೆ. ಈಗಿನ ಪದ್ಧತೀಲೇ ಕೆಲವೇ ಸಾವಿರ ಮತದ ಮೇಲೆ ದೇಶ ನೇತಾಡೋದು. 2020ರಲ್ಲಿ ಬೈಡನ್ ಮುಂದಿದ್ದಿದ್ದು 70 ಲಕ್ಷ. ಆದ್ರೆ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರೂ ಸೇರಿ ಅಂತರ ಸುಮಾರು 43 ಸಾವಿರ. ಅಷ್ಟು ಆಚೀಚೆ ಆಗಿದ್ರೆ 269–269, ಸಮಸಮ. ಆಗ ಅಧ್ಯಕ್ಷರನ್ನ ಆರಿಸೋದು ಕೆಳಮನೆ, ಅಲ್ಲಿ ರಾಜ್ಯಕ್ಕೊಂದೇ ವೋಟು, ವಯೋಮಿಂಗ್‌ಗೂ ಒಂದು, ಕ್ಯಾಲಿಫೋರ್ನಿಯಾಗೂ ಒಂದು. ಮೋಸ ಮಾಡೋ ಮನಸ್ಸಿರೋನಿಗೆ 43 ಸಾವಿರ ಸುಲಭವೋ 70 ಲಕ್ಷವೋ?

ಮಿಶಿಗನ್ ಮಾವ:
ಅದು ನಿಜ, ಒಪ್ತೀನಿ. ಆದ್ರೂ ಮೊದಲು ದೇಶಕ್ಕೆಲ್ಲಾ ಒಂದೇ ನಿಯಮ, ಒಂದು ಆಯೋಗ. ಆಮೇಲೆ ನೇರ ಮತ. ಈ ಕ್ರಮ ತಪ್ಪಿದ್ರೆ ಜಗಳ ಕೋರ್ಟಲ್ಲೇ ಮುಗಿಯತ್ತೆ.

ಬಯಲುಸೀಮೆ:
ಸೀಟಿಗೂ ಮತಕ್ಕೂ ತಾಳೆ ಆಗದಿರೋದು ನಮಗೇನು ಹೊಸದಲ್ಲ. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ನೂರಕ್ಕೆ 38 ಮತ, ಬಿಜೆಪಿಗೆ 36. ಎಣಿಕೆ ದಿನ ಸೀಟು ನೋಡಿದ್ರೆ ಬಿಜೆಪಿ 104, ಕಾಂಗ್ರೆಸ್ 78. 2008ರಲ್ಲೂ ಕಾಂಗ್ರೆಸ್‌ಗೆ ಮತ ಸ್ವಲ್ಪ ಹೆಚ್ಚಿತ್ತು, ಸರ್ಕಾರ ಮಾಡಿದ್ದು ಬಿಜೆಪಿ.

ಕರಿಕೋಟು:
ಅಲ್ಲಿ ನಾವು ಆರಿಸೋದು ನಮ್ಮ ಕ್ಷೇತ್ರದ ಶಾಸಕರನ್ನ, ಅವರು ಐದು ವರ್ಷ ಅಲ್ಲೇ ಇರ್ತಾರೆ, ನಮ್ಮ ರಸ್ತೆ ಹಾಳಾದ್ರೆ ಕೇಳಬಹುದು. ಎಲೆಕ್ಟರು ಡಿಸೆಂಬರಲ್ಲಿ ಒಂದು ದಿನ ಸೇರಿ ಮತ ಹಾಕಿ ಮನೆಗೆ ಹೋಗ್ತಾರೆ. ಹೋಲಿಕೆ ಅಲ್ಲಿಗೆ ನಿಲ್ಲುತ್ತೆ.

ತಿದ್ದುಪಡಿ ಇಲ್ಲದೇ ಇನ್ನೊಂದು ದಾರಿ ಇದೆ, ಅದನ್ನ ಯಾರೂ ಹೇಳಲಿಲ್ಲ. ರಾಜ್ಯಗಳ ನಡುವಿನ ಒಪ್ಪಂದ. ದೇಶದಲ್ಲಿ ಒಟ್ಟು ಮತ ಯಾರಿಗೆ ಹೆಚ್ಚೋ ಅವರಿಗೇ ನಮ್ಮ ಎಲೆಕ್ಟರುಗಳನ್ನ ಕೊಡ್ತೀವಿ ಅಂತ ರಾಜ್ಯಗಳು ಕಾನೂನು ಮಾಡ್ತವೆ. ಸೇರಿದ ರಾಜ್ಯಗಳ ಎಲೆಕ್ಟರು 270 ಮುಟ್ಟಿದ ದಿನ ಜಾರಿಗೆ ಬರುತ್ತೆ. 2007ರಲ್ಲಿ ಮೇರಿಲ್ಯಾಂಡ್ ಶುರು ಮಾಡ್ತು, 2008ರಲ್ಲಿ ನ್ಯೂಜೆರ್ಸಿ. 2024ರಲ್ಲಿ ಮೇಯ್ನ್ ಸೇರಿದಾಗ 17 ರಾಜ್ಯ ಮತ್ತು ರಾಜಧಾನಿ ಸೇರಿ 209 ಆಗಿತ್ತು. ಜಾರಿಯಾದ್ರೆ ಕೋರ್ಟಿನಲ್ಲಿ ಪ್ರಶ್ನೆ ಮಾಡೋದು ಖಂಡಿತ.

ಗೋಕಾಕ ಕರದಂಟು:
ಅಕ್ಕಾವ್ರ, ಈಗ ನಿಮಗೊಂದು ನೇರ ಪ್ರಶ್ನೆ. ಈ ಒಪ್ಪಂದ 2024ರಾಗ ಜಾರಿ ಇದ್ದಿದ್ರ, ಒಟ್ಟು ಮತದಾಗೂ ಟ್ರಂಪ್ ಮುಂದಿದ್ರು. ನಿಮ್ಮ ನ್ಯೂಜೆರ್ಸಿ ಮಂದಿ ಹ್ಯಾರಿಸ್‌ಗೆ ಹೆಚ್ಚು ವೋಟು ಹಾಕಿದ್ರೂ ನಿಮ್ಮ 14 ಎಲೆಕ್ಟರು ಟ್ರಂಪ್‌ಗೆ ಹೋಗ್ತಿದ್ರು. ಒಪ್ಪಿಗೇನ್ರೀ?

ತುಂಗೆಯ ತಟ:
ಒಪ್ಪಿಗೆ.

ತುಂಬಾ ಹೊತ್ತು ಯೋಚಿಸಿ ಬರೀತಿದೀನಿ. ಆ 14 ಯಾರಿಗೆ ಹೋಯ್ತು ಅನ್ನೋದಕ್ಕಿಂತ ನನ್ನ ಒಂದು ವೋಟು ದೇಶದ ಲೆಕ್ಕದಲ್ಲಿ ಒಂದು ಅಂತ ಸೇರಿತಾ ಅನ್ನೋದು ನಂಗೆ ಮುಖ್ಯ. ಸೇರಿ ಸೋತರೆ ಸೋಲು ಒಪ್ಕೋತೀನಿ. ನಿಮ್ಮ ಡಿಲಿಮಿಟೇಶನ್ ಪ್ರಶ್ನೆ ಮಾತ್ರ ಚುಚ್ಚಿದ್ದು ನಿಜ. ಸಂಸತ್ತು ಬೇರೆ, ಅಧ್ಯಕ್ಷರು ಬೇರೆ ಅನ್ನೋ ಬಸವ ಅವರ ಮಾತು ನನಗೆ ಸರಿ ಕಾಣತ್ತೆ. ಮಾವ ಹೇಳಿದ ಒಂದೇ ನಿಯಮ, ಒಂದು ಆಯೋಗ ಅನ್ನೋದೂ ಬೇಕೇ ಬೇಕು.

ಗೋಕಾಕ ಕರದಂಟು:
ಹಿಂಗ ನೇರ ಉತ್ತರ ಕೊಟ್ಟವ್ರು ನೀವೇ ಮೊದಲನೇದವ್ರು. ನನ್ನ ಅಭಿಪ್ರಾಯ ಬದಲಾಗಿಲ್ಲ, ಆದ್ರ ನಿಮ್ಮ ಮಾತಿಗೆ ಮರ್ಯಾದಿ ಕೊಡ್ತೀನಿ.

ಕುಡ್ಲದವ:
ಆ ಉಸಲಿಗೆ ತೆಂಗಿನಕಾಯಿ ಹಾಕಿದ್ರಾ ಇಲ್ವಾ? ಕೇಳದೆ ಇರ್ಲಿಕ್ಕೆ ಆಗ್ಲಿಲ್ಲ.

ತುಂಗೆಯ ತಟ:
ತೆಂಗಿನ ತುರಿ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ. ಆ ಹುಡುಗ ಎರಡನೇ ಸಲ ಹಾಕಿಸ್ಕೊಂಡ.

ಕರಿಕೋಟು ಅವರೇ, ಮಗ ಹಾಸ್ಟೆಲ್ ವಿಳಾಸ ಹಾಕೋದು ಕಾನೂನು ಪ್ರಕಾರ ಸರಿ ತಾನೇ?

ಕರಿಕೋಟು:
ಸರಿ. ವಿದ್ಯಾರ್ಥಿಗಳು ಕಾಲೇಜು ಇರೋ ಊರಲ್ಲಿ ವಾಸ ಅಂತ ತೋರಿಸಿ ನೋಂದಾಯಿಸಬಹುದು, 1979ರಲ್ಲಿ ಸುಪ್ರೀಂ ಕೋರ್ಟೂ ಈ ಹಕ್ಕನ್ನ ಎತ್ತಿಹಿಡಿದಿದೆ. ಎರಡೂ ಕಡೆ ಮತ ಹಾಕೋ ಹಾಗಿಲ್ಲ, ಅಷ್ಟೇ. ಪೆನ್ಸಿಲ್ವೇನಿಯಾದಲ್ಲಿ ಚುನಾವಣೆಗೆ 15 ದಿನ ಮುಂಚೆ ಹೆಸರು ಸೇರಿರಬೇಕು, ನ್ಯೂಜೆರ್ಸಿಯಲ್ಲಿ 21 ದಿನ.

ತುಂಗೆಯ ತಟ:
ನಿನ್ನೆ ರಾತ್ರಿ ಫೋನಲ್ಲಿ ಈ ಥ್ರೆಡ್ ಪೂರ್ತಿ ಅವನಿಗೆ ಓದಿ ಹೇಳಿದೆ. ಕನ್ನಡ ಮಾತಾಡ್ತಾನೆ, ಓದಕ್ಕೆ ಬರಲ್ಲ. ಗುಲಾಮರ ಲೆಕ್ಕದ ಭಾಗ ಬಂದಾಗ ಮತ್ತೊಂದು ಸಲ ಓದಮ್ಮ ಅಂದ. ಆಮೇಲೆ ಕೇಳಿದ, "ಆ ಒಪ್ಪಂದಕ್ಕೆ ಪೆನ್ಸಿಲ್ವೇನಿಯಾ ಸೇರಿದೆಯಾ?" ಹುಡುಕಿ ನೋಡಿದ್ವಿ, ಸೇರಿದ ರಾಜ್ಯಗಳಲ್ಲಿ ಅದರ ಹೆಸರಿಲ್ಲ. ನಮ್ಮ ನ್ಯೂಜೆರ್ಸಿ ಇದೆ. ಅಂದ್ರೆ ಈ ವಿಷಯದಲ್ಲಿ ನಾನು ನನ್ನ ಶಾಸಕರನ್ನ ಕೇಳಬೇಕಾದ್ದು ಏನೂ ಉಳಿದಿಲ್ಲ, ಅವನಿಗೆ ಉಳಿದಿದೆ. ಹಾಸ್ಟೆಲ್ ವಿಳಾಸವನ್ನೇ ಹಾಕಿ ಅರ್ಜಿ ಕಳಿಸಿದ. ಹೆಸರು ಪಟ್ಟಿಗೆ ಬಂದ ಮೇಲೆ ಅಲ್ಲಿಯ ಶಾಸಕರಿಗೆ ಕಾಗದ ಬರೀತಾನಂತೆ. ಬರೆದಿದ್ದನ್ನ ಒಂದು ಸಲ ನೋಡಿ ಕೊಡ್ತೀರಾ?

ಕರಿಕೋಟು:
ಕಳಿಸಿ. ಒಂದು ಪುಟ ದಾಟದ ಹಾಗೆ ಬರೀಲಿ, ನದಿಯ ಎರಡೂ ದಡದ ಅಂಚೆಪೆಟ್ಟಿಗೆಯ ಕಥೆ ಮೊದಲ ಸಾಲಲ್ಲೇ ಇರಲಿ.